ಬಳ್ಳಾರಿಯಿಂದ ದುಬೈ, ಲಂಡನ್, ಸ್ಯಾನ್ ಫ್ರಾನ್ಸಿಸ್ಕೊ: ವಿಮಾನದ ದೂರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ವಿಮಾನದ ಮಾತು ಈಗ ಹೊಸದಲ್ಲ. ಒಬ್ಬರ ಮಗ ದುಬೈಯಲ್ಲಿ ಕೆಲಸಕ್ಕಿದ್ದಾನೆ, ಇನ್ನೊಬ್ಬರ ಮಗಳು ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿದ್ದಾಳೆ. ಆದರೆ ದೂರ ಎಷ್ಟು ಅಂತ ಹುಡುಕಿದರೆ ಸಿಗುವ ಲೆಕ್ಕವೆಲ್ಲ ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಶುರುವಾಗುತ್ತದೆ. ನಮ್ಮ ಪ್ರಯಾಣ ಶುರುವಾಗುವುದು ನಮ್ಮೂರಿನ ಬಸ್ ಸ್ಟ್ಯಾಂಡಿನಿಂದ, ಇಲ್ಲವೇ ರೈಲು ನಿಲ್ದಾಣದಿಂದ. ಹಾಗಾಗಿ ಇಲ್ಲಿನ ಲೆಕ್ಕವನ್ನು ಇಲ್ಲಿಂದಲೇ ಹಾಕಿದ್ದೇನೆ.

ನಮ್ಮೂರಿನಿಂದ ಈ ಊರುಗಳಿಗೆ ನೇರ ದೂರ ಎಷ್ಟು?

ದುಬೈಗೆ ಬಳ್ಳಾರಿಯಿಂದ ಸುಮಾರು 2,510 ಕಿ.ಮೀ., ರಾಯಚೂರಿನಿಂದ 2,490, ಕೊಪ್ಪಳದಿಂದ 2,430. ಲಂಡನ್ನಿಗೆ ಬಳ್ಳಾರಿಯಿಂದ ಸುಮಾರು 7,830 ಕಿ.ಮೀ., ರಾಯಚೂರಿನಿಂದ 7,770, ಕೊಪ್ಪಳದಿಂದ 7,760. ಸ್ಯಾನ್ ಫ್ರಾನ್ಸಿಸ್ಕೊಗೆ ಬಳ್ಳಾರಿಯಿಂದ ಸುಮಾರು 13,810 ಕಿ.ಮೀ., ಕೊಪ್ಪಳದಿಂದ 13,820, ರಾಯಚೂರಿನಿಂದ 13,690.

ಇಲ್ಲೊಂದು ವಿಷಯ ನೋಡಿ. ದುಬೈಗೆ ಕೊಪ್ಪಳವೇ ಹತ್ತಿರ, ಏಕೆಂದರೆ ಅದು ಮೂರರಲ್ಲಿ ಪಶ್ಚಿಮಕ್ಕಿದೆ. ಸ್ಯಾನ್ ಫ್ರಾನ್ಸಿಸ್ಕೊಗೆ ಮಾತ್ರ ರಾಯಚೂರು ಹತ್ತಿರ. ಅಮೆರಿಕ ಪಶ್ಚಿಮದ ದೇಶ ಅಂತಲೇ ನಾವೆಲ್ಲ ಹೇಳುತ್ತೇವೆ ಅಲ್ವಾ? ಹಾಗಿದ್ದರೂ ಪೂರ್ವಕ್ಕಿರುವ ರಾಯಚೂರಿಗೇ ಅದು ಹತ್ತಿರ. ಕಾರಣ ಮುಂದಿನ ಉತ್ತರಗಳಲ್ಲಿದೆ.

ನೇರ ದೂರ ಅಂದರೆ ಏನು? ಭೂಮಿ ಗುಂಡಗಿದೆಯಲ್ಲ?

ಗುಂಡಗಿರುವುದರಿಂದಲೇ ಈ ಲೆಕ್ಕ ಬೇಕಾಗಿರುವುದು. ಭೂಮಿಯ ಮೈಮೇಲೆ ಎರಡು ಊರುಗಳ ನಡುವೆ ಎಳೆಯಬಹುದಾದ ಅತಿ ಚಿಕ್ಕ ಗೆರೆಯೇ ನೇರ ದೂರ. ಆ ಗೆರೆಯನ್ನು ಎರಡೂ ಕಡೆ ಮುಂದುವರಿಸಿದರೆ ಅದು ಭೂಮಿಯನ್ನು ಸರಿಯಾಗಿ ಎರಡು ಹೋಳು ಮಾಡುವ ದೊಡ್ಡ ವೃತ್ತವಾಗುತ್ತದೆ. ಭೂಮಧ್ಯರೇಖೆ ಅಂಥದ್ದೊಂದು ವೃತ್ತ. ಅದರ ಸುತ್ತಳತೆ 40,075 ಕಿ.ಮೀ. ಅದರಲ್ಲಿ ಅರ್ಧ ಅಂದರೆ ಸುಮಾರು 20,000. ಭೂಮಿಯ ಮೇಲಿನ ಯಾವ ಎರಡು ಊರುಗಳ ನೇರ ದೂರವೂ ಅದಕ್ಕಿಂತ ಜಾಸ್ತಿ ಆಗಲಾರದು.

ಅಮೆರಿಕಕ್ಕೆ ಹೋಗುವ ವಿಮಾನ ಉತ್ತರಕ್ಕೆ ಯಾಕೆ ಹೋಗುತ್ತದೆ?

ಇದು ಎಲ್ಲರೂ ಕೇಳುವ ಪ್ರಶ್ನೆ. ನನಗೆ ತುಂಬಾ ಇಷ್ಟವಾದ ಪ್ರಶ್ನೆಯೂ ಹೌದು.

ಶಾಲೆಯ ಗೋಡೆಗೆ ನೇತುಹಾಕಿದ ಪ್ರಪಂಚದ ನಕ್ಷೆ ನೋಡಿ ನಾವು ದಿಕ್ಕು ಕಲಿತವರು. ಅಂಥ ಹಲವು ನಕ್ಷೆಗಳು ಮರ್ಕೇಟರ್ ಎಂಬಾತ 1569ರಲ್ಲಿ ಮಾಡಿದ ವಿಧಾನವನ್ನು ಅನುಸರಿಸುತ್ತವೆ. ಹಡಗಿನವರಿಗೆ ದಿಕ್ಕು ತಪ್ಪದಿರಲಿ ಎಂದು ಮಾಡಿದ ನಕ್ಷೆ ಅದು. ಅದರಲ್ಲಿ ಧ್ರುವದ ಹತ್ತಿರದ ಜಾಗಗಳು ವಿಪರೀತ ಹಿಗ್ಗಿ ಕಾಣುತ್ತವೆ. ಆದ್ದರಿಂದ ಉತ್ತರದ ದಾರಿ ಸುತ್ತು ಅಂತ ಅನಿಸುತ್ತದೆ. ನಿಜದಲ್ಲಿ ಅದೇ ಹತ್ತಿರದ ದಾರಿ.

ಮನೆಯಲ್ಲಿ ಭೂಗೋಳದ ಗುಂಡು ಇದ್ದರೆ ಒಂದು ದಾರ ತೆಗೆದುಕೊಳ್ಳಿ. ಒಂದು ತುದಿಯನ್ನು ಬಳ್ಳಾರಿಯ ಮೇಲೆ ಹಿಡಿಯಿರಿ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ. ದಾರ ಬಿಗಿಯಾಗಿ ಎಳೆಯಿರಿ. ಅದು ಅರಬ್ಬೀ ಸಮುದ್ರದ ಕಡೆ ಹೋಗುವುದೇ ಇಲ್ಲ. ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿಕೊಂಡು ಚೀನಾ, ಸೈಬೀರಿಯಾ ದಾಟಿ, ಅಲಾಸ್ಕಾ ಕಡೆಯಿಂದ ಕೆಳಗಿಳಿಯುತ್ತದೆ. ರಾಯಚೂರು ಯಾಕೆ ಹತ್ತಿರ ಅನ್ನುವುದು ಈಗ ತಿಳಿಯಿತಲ್ಲ? ಅದು ಬಳ್ಳಾರಿಗಿಂತ ಒಂದು ಡಿಗ್ರಿ ಉತ್ತರಕ್ಕಿದೆ, ಸ್ವಲ್ಪ ಪೂರ್ವಕ್ಕೂ ಇದೆ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ದೂರ ಸುಮಾರು 13,990 ಕಿ.ಮೀ. ಈ ಎರಡು ಊರುಗಳ ನಡುವೆ ಏರ್ ಇಂಡಿಯಾ 2021ರ ಜನವರಿಯಲ್ಲಿ ತಡೆರಹಿತ ಹಾರಾಟ ಶುರು ಮಾಡಿತು. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಮೊದಲ ವಿಮಾನದ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ಮುಂದಾಳತ್ವದಲ್ಲಿ ತನ್ಮಯಿ ಪಾಪಗಾರಿ, ಆಕಾಂಕ್ಷಾ ಸೋನವಾನೆ, ಶಿವಾನಿ ಮನ್ಹಾಸ್ ಆ ಬೋಯಿಂಗ್ 777 ವಿಮಾನವನ್ನು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದರು. ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಈ ಸಂಗತಿಯನ್ನು ಹೇಳಲೇಬೇಕು.

ಲೆಕ್ಕದ ದೃಷ್ಟಿಯಿಂದಲೂ ಆ ಹಾರಾಟ ಸೊಗಸಾದದ್ದು. ಈ ಎರಡು ಊರುಗಳ ಅತಿ ಚಿಕ್ಕ ಗೆರೆ ಧ್ರುವದ ಮೇಲೆ ಹೋಗುವುದಿಲ್ಲ. ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ ಅಲ್ಲಿಂದ ಇಳಿಯುತ್ತದೆ. ಸರಿಯಾಗಿ ಧ್ರುವದ ಮೇಲೆಯೇ ಹೋದರೆ ದೂರ ಸುಮಾರು 14,360 ಕಿ.ಮೀ. ಆಗುತ್ತದೆ. ಹೆಚ್ಚಾಗುವುದು 370 ಕಿ.ಮೀ. ಮಾತ್ರ. ಎದುರುಗಾಳಿ ತಪ್ಪುವುದಾದರೆ ಅಷ್ಟು ಸುತ್ತಿದರೂ ಲಾಭವೇ. ಆದರೆ ಅಲ್ಲಿ ಹೊರಗಿನ ಚಳಿ ವಿಪರೀತ. ವಿಮಾನದ ಇಂಧನ ಮೈನಸ್ 47 ಡಿಗ್ರಿಯ ಹತ್ತಿರ ಗಟ್ಟಿಯಾಗಲು ಶುರುವಾಗಬಹುದು. ಅದಕ್ಕೇ ಟ್ಯಾಂಕಿನ ಉಷ್ಣತೆಯ ಮೇಲೆ ಪೈಲಟ್‌ಗಳು ಕಣ್ಣಿಟ್ಟಿರುತ್ತಾರೆ.

ಒಂದೊಂದು ಕಡೆ ಒಂದೊಂದು ಅಂಕಿ ತೋರಿಸುತ್ತದೆ. ಯಾವುದು ಸರಿ?

ಬಹಳ ಸಲ ಎಲ್ಲವೂ ಸರಿಯೇ. ಮೊದಲು ಅಳತೆ ಯಾವುದು ಅಂತ ನೋಡಿ. ಒಂದು ಮೈಲಿ 1.609 ಕಿ.ಮೀ. ವಿಮಾನದವರು ಮತ್ತು ಹಡಗಿನವರು ಬಳಸುವ ನಾಟಿಕಲ್ ಮೈಲಿ 1.852 ಕಿ.ಮೀ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 8,700 ಅಂತ ಒಂದು ಕಡೆ, 7,550 ಅಂತ ಇನ್ನೊಂದು ಕಡೆ ಕಂಡರೆ ಗಾಬರಿ ಬೇಡ. ಮೊದಲನೆಯದು ಮೈಲಿ, ಎರಡನೆಯದು ನಾಟಿಕಲ್ ಮೈಲಿ.

ಎರಡನೇ ಕಾರಣ, ಊರಿನ ಮಧ್ಯದಿಂದ ಅಳೆದರೋ ವಿಮಾನ ನಿಲ್ದಾಣದಿಂದ ಅಳೆದರೋ ಅನ್ನುವುದು. ಮೂರನೆಯದು ಭೂಮಿಯ ಆಕಾರ. ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ. ಭೂಮಧ್ಯರೇಖೆಯಲ್ಲಿ ಅದರ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ಇದನ್ನು ಲೆಕ್ಕಕ್ಕೆ ಹಿಡಿದರೆ ಒಂದು ಉತ್ತರ, ಬಿಟ್ಟರೆ ಇನ್ನೊಂದು. ಆದರೆ ವ್ಯತ್ಯಾಸ ಶೇಕಡಾ ಅರ್ಧ ದಾಟುವುದಿಲ್ಲ. ಹತ್ತಿಪ್ಪತ್ತು ಕಿ.ಮೀ. ಹೆಚ್ಚು ಕಡಿಮೆ ಆದರೆ ಸುಮ್ನೆ ಬಿಟ್ಟುಬಿಡಿ.

ಭೂಮಿಯನ್ನು ಇಷ್ಟು ಕರಾರುವಾಕ್ಕಾಗಿ ಅಳೆದದ್ದು ಯಾರು?

ಅನೇಕರು, ಅನೇಕ ದೇಶಗಳಲ್ಲಿ. ಆದರೆ ಅದರಲ್ಲೊಂದು ದೊಡ್ಡ ಕೆಲಸ ನಮ್ಮ ಪಕ್ಕದಲ್ಲೇ ನಡೆದಿದೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದ ತ್ರಿಕೋನ ಸರ್ವೆ, ಅಂದರೆ ನೆಲವನ್ನು ತ್ರಿಕೋನಗಳಾಗಿ ಜೋಡಿಸಿಕೊಂಡು ಅಳೆಯುವ ಕೆಲಸ, ದಕ್ಷಿಣದ ತುದಿಯಿಂದ ಉತ್ತರಕ್ಕೆ 78 ಡಿಗ್ರಿ ರೇಖಾಂಶದ ಆಸುಪಾಸಿನಲ್ಲೇ ಸಾಗಿತು. ಬಳ್ಳಾರಿ 76.9 ಡಿಗ್ರಿಯಲ್ಲಿದೆ, ರಾಯಚೂರು 77.4ರಲ್ಲಿ. ಸರ್ವೆಯವರು ಗುತ್ತಿಯ ಬಳಿಯೂ ಬೀದರಿನ ಬಳಿಯೂ ನೆಲದ ಮೇಲೆ, ಉಳಿದ ಲೆಕ್ಕಕ್ಕೆಲ್ಲ ಆಧಾರವಾಗುವ ಮೂಲ ಗೆರೆ ಅಳೆದರು. ಉಕ್ಕಿನ ಸರಪಳಿ ಹಾಸಿ, ಬಿಸಿಲಿಗೆ ಅದು ಎಷ್ಟು ಹಿಗ್ಗುತ್ತದೆ ಅಂತ ಲೆಕ್ಕ ಇಟ್ಟು ಮಾಡಿದ ಕೆಲಸ ಅದು. ನಮ್ಮ ಕಡೆಯ ಬಿಸಿಲು ಕಂಡವರಿಗೆ ಆ ಕಷ್ಟ ಏನು ಅಂತ ಗೊತ್ತು. ಭೂಮಿ ಎಷ್ಟು ಚಪ್ಪಟೆ ಎಂದು ತಿಳಿಯುವುದು ಆ ಅಳತೆಯ ಒಂದು ಉದ್ದೇಶವಾಗಿತ್ತು. ಈಗ ಅದೇ ಕೆಲಸವನ್ನು ಉಪಗ್ರಹಗಳು ಮಾಡುತ್ತವೆ.

ವಿಮಾನ ಹತ್ತಲು ಎಲ್ಲಿಗೆ ಹೋಗಬೇಕು? ಬೆಂಗಳೂರೋ ಹೈದರಾಬಾದೋ?

ಇದಕ್ಕೆ ಮೂರು ಜಿಲ್ಲೆಗೂ ಒಂದೇ ಉತ್ತರ ಇಲ್ಲ.

ರಾಯಚೂರಿನವರಿಗೆ ಹೈದರಾಬಾದೇ ಸರಿ. ಶಂಶಾಬಾದಿನ ವಿಮಾನ ನಿಲ್ದಾಣ ನೇರ ಗೆರೆಯಲ್ಲಿ ಸುಮಾರು 160 ಕಿ.ಮೀ. ಅಷ್ಟೇ. ಅಲ್ಲಿಂದ ಲಂಡನ್ 7,750 ಕಿ.ಮೀ. ಬೆಂಗಳೂರಿನಿಂದ ಲಂಡನ್ 8,040. ಅಂದರೆ ರಾಯಚೂರಿನವರು ಬೆಂಗಳೂರಿಗೆ ಹೋದರೆ ನೆಲದ ಮೇಲೂ ಸುತ್ತು, ಆಕಾಶದಲ್ಲೂ ಸುತ್ತು. ‘ಬೆಂಗಳೂರು ನಮ್ಮ ರಾಜಧಾನಿ, ಭಾಷೆ ಬರುತ್ತೆ’ ಅಂತ ಹಿರಿಯರು ಹೇಳುವುದುಂಟು. ಆ ಧೈರ್ಯಕ್ಕೂ ಬೆಲೆ ಇದೆ. ಆದರೂ ಮೊದಲ ಸಲ ಹೋಗುವವರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಮೇಲೆ ಹತ್ತು ಗಂಟೆ ವಿಮಾನದಲ್ಲಿ ಕೂರುವುದು ಎಷ್ಟು ಆಯಾಸ ಅನ್ನುವುದನ್ನು ಮನೆಯವರು ಯೋಚಿಸಬೇಕು.

ಬಳ್ಳಾರಿಯಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ ನೇರ ಗೆರೆಯಲ್ಲಿ 230 ಕಿ.ಮೀ., ಹೈದರಾಬಾದಿನದು 280. ರಸ್ತೆಯಲ್ಲಿ ಬೆಂಗಳೂರು ನಗರಕ್ಕೆ ಸುಮಾರು 310 ಕಿ.ಮೀ. ಚಳ್ಳಕೆರೆ, ಹಿರಿಯೂರು ದಾಟಿ ಹೋಗುವ ದಾರಿ. ರೈಲಿನಲ್ಲಾದರೆ ಹಂಪಿ ಎಕ್ಸ್‌ಪ್ರೆಸ್ ಮೊದಲು ಪೂರ್ವಕ್ಕೆ ಗುಂತಕಲ್ ತನಕ ಹೋಗಿ, ಆಮೇಲೆ ದಕ್ಷಿಣಕ್ಕೆ ತಿರುಗುತ್ತದೆ. ರಾತ್ರಿ ಮಲಗಿಕೊಂಡು ಹೋಗಬಹುದು ಅನ್ನುವುದಕ್ಕೆ ವಯಸ್ಸಾದವರಿಗೆ ನಾನು ರೈಲನ್ನೇ ಹೇಳುತ್ತೇನೆ.

ಕೊಪ್ಪಳದವರಿಗೆ ಹತ್ತಿರದ ದೊಡ್ಡ ನಿಲ್ದಾಣ ಹುಬ್ಬಳ್ಳಿ. ಗದಗ ಮೇಲೆ ಹೋಗುವ ಹೆದ್ದಾರಿ ಹೆಚ್ಚುಕಡಿಮೆ ನೇರವಾಗಿದೆ. ನೇರ ಗೆರೆಯಲ್ಲಿ 115 ಕಿ.ಮೀ. ಅಲ್ಲಿಂದ ದೇಶದೊಳಗಿನ ವಿಮಾನ ಹಿಡಿದು ವಿದೇಶಕ್ಕೆ ವಿಮಾನ ಇರುವ ನಿಲ್ದಾಣಕ್ಕೆ ಹೋಗಿ, ಅಲ್ಲಿ ವಿಮಾನ ಬದಲಿಸಬೇಕು.

ತೋರಣಗಲ್ಲಿನ ವಿದ್ಯಾನಗರದಲ್ಲಿ ವಿಮಾನ ನಿಲ್ದಾಣ ಇದೆಯಲ್ಲ?

ಇದೆ. ಉಡಾನ್ ಯೋಜನೆ ಬಂದ ಮೇಲೆ, 2017ರಿಂದ, ಅಲ್ಲಿ ಸಾರ್ವಜನಿಕ ವಿಮಾನಗಳು ಬಂದು ಹೋಗಿವೆ. ಚಿಕ್ಕ ರನ್‌ವೇ, ಚಿಕ್ಕ ವಿಮಾನಗಳು. ಅಲ್ಲಿಂದ ಬೆಂಗಳೂರಿಗೆ ನೇರ ದೂರ ಸುಮಾರು 250 ಕಿ.ಮೀ., ಹೈದರಾಬಾದಿಗೆ 300. ಹಾರುವ ಕಂಪನಿಗಳು ಮತ್ತು ವೇಳೆ ಆಗಾಗ ಬದಲಾಗುತ್ತಿರುತ್ತವೆ. ವಿದೇಶದ ಟಿಕೆಟ್ ತೆಗೆಯುವ ಮೊದಲೇ ಆ ದಿನ ಇಲ್ಲಿಂದ ವಿಮಾನ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಎರಡೂ ಬೇರೆ ಬೇರೆ ಟಿಕೆಟ್ ಆದರೆ, ಚಿಕ್ಕ ವಿಮಾನ ತಡವಾಗಿ ದೊಡ್ಡದು ತಪ್ಪಿದಾಗ ಜವಾಬ್ದಾರಿ ನಿಮ್ಮದೇ. ಒಂದೇ ಬುಕಿಂಗ್‌ನಲ್ಲಿ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಹಿಂದಿನ ದಿನವೇ ಹೋಗಿಬಿಡಿ.

ದೂರ ಗೊತ್ತಾದರೆ ಎಷ್ಟು ಗಂಟೆ ಅಂತ ಹೇಳಬಹುದಾ?

ಅಂದಾಜು ಹೇಳಬಹುದು. ದೊಡ್ಡ ಜೆಟ್ ವಿಮಾನ ಗಂಟೆಗೆ 850ರಿಂದ 900 ಕಿ.ಮೀ. ವೇಗದಲ್ಲಿ ಹೋಗುತ್ತದೆ. ದೂರವನ್ನು 850ರಿಂದ ಭಾಗಿಸಿ, ಏರಿ ಇಳಿಯುವುದಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸೇರಿಸಿ. ಬೆಂಗಳೂರು–ದುಬೈ 2,700 ಕಿ.ಮೀ. ಸುಮಾರು ನಾಲ್ಕು ಗಂಟೆ ಬರುತ್ತದೆ, ಅಲ್ವಾ? ಅದು ಸರಿಹೋಗುತ್ತದೆ.

ದೂರ ಹೆಚ್ಚಾದಷ್ಟೂ ಗಾಳಿಯ ಮಾತು ಮುಖ್ಯವಾಗುತ್ತದೆ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಗಾಳಿ ಇದೆ. ಚಳಿಗಾಲದಲ್ಲಿ ಅದು ಗಂಟೆಗೆ 200 ಕಿ.ಮೀ. ದಾಟುವುದು ಅಪರೂಪವಲ್ಲ. ಆದ್ದರಿಂದ ಲಂಡನ್ನಿಂದ ವಾಪಸ್ ಬರುವುದು ಹೋಗುವುದಕ್ಕಿಂತ ಬೇಗ. ದೂರ ಅದೇ, ಸಮಯ ಬೇರೆ.

ಇದಕ್ಕಿಂತ ಒಳ್ಳೆಯ ಉದಾಹರಣೆ 2016ರ ಅಕ್ಟೋಬರಿನದು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿದ್ದ ಏರ್ ಇಂಡಿಯಾ ವಿಮಾನ, ದಾರಿ ಬದಲಿಸಿ ಪೆಸಿಫಿಕ್ ಸಾಗರದ ಮೇಲೆ ಹೋಯಿತು. ಹಳೆಯ ದಾರಿ ಸುಮಾರು 13,900 ಕಿ.ಮೀ., ಹೊಸದು ಸುಮಾರು 15,300. ಆದರೂ ಹೊಸ ದಾರಿಯಲ್ಲಿ ಬೇಗ ಮುಟ್ಟಿತು, ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ. ಗಾಳಿ ಬೆನ್ನ ಹಿಂದೆ ಇತ್ತು. ನೇರ ದೂರದ ಅಂಕಿ ಒಂದನ್ನೇ ನೋಡಿ ಸಮಯ ಹೇಳಬಾರದು ಅನ್ನುವುದಕ್ಕೆ ಇದೇ ಸಾಕು.

ದುಬೈ ಮೇಲೆ ಹೋದರೆ ತುಂಬಾ ಸುತ್ತಾಗುತ್ತದಾ?

ಎಲ್ಲಿಗೆ ಹೋಗುತ್ತೀರಿ ಅನ್ನುವುದರ ಮೇಲೆ ಇದೆ. ಹೈದರಾಬಾದಿನಿಂದ ದುಬೈ 2,550 ಕಿ.ಮೀ., ದುಬೈಯಿಂದ ಲಂಡನ್ 5,500. ಒಟ್ಟು 8,050. ನೇರ ಹೋದರೆ 7,750. ಬರೀ 300 ಕಿ.ಮೀ. ವ್ಯತ್ಯಾಸ! ದುಬೈ ಹೆಚ್ಚುಕಡಿಮೆ ದಾರಿಯಲ್ಲೇ ಸಿಗುತ್ತದೆ. ಸಮಯ ಹೋಗುವುದು ನಿಲ್ದಾಣದಲ್ಲಿ ಕಾಯುವುದಕ್ಕೆ.

ಸ್ಯಾನ್ ಫ್ರಾನ್ಸಿಸ್ಕೊಗಾದರೆ ಬೇರೆ ಕಥೆ. ಬೆಂಗಳೂರು–ದುಬೈ 2,700, ಅಲ್ಲಿಂದ ಮುಂದೆ ಸುಮಾರು 13,000. ಒಟ್ಟು 15,700. ನೇರಕ್ಕಿಂತ 1,700 ಕಿ.ಮೀ. ಜಾಸ್ತಿ. ಸಿಂಗಪುರದ ಮೇಲೆ ಹೋದರೆ ಇನ್ನೂ ಹೆಚ್ಚು, ಸುಮಾರು 16,800. ಅಂದ ಹಾಗೆ, ದುಬೈ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ರೇಖಾಂಶದಲ್ಲಿ ಹೆಚ್ಚುಕಡಿಮೆ ಎದುರುಬದುರು ಇವೆ. ಅವುಗಳ ಅತಿ ಚಿಕ್ಕ ಗೆರೆ ಉತ್ತರ ಧ್ರುವದಿಂದ ಸುಮಾರು 200 ಕಿ.ಮೀ. ದೂರದಲ್ಲೇ ಹಾದುಹೋಗುತ್ತದೆ. ಮರಳುಗಾಡಿನಿಂದ ಹೊರಟು ಹಿಮದ ನೆತ್ತಿಯ ಪಕ್ಕದಲ್ಲಿ ಹಾದುಹೋಗುವ ದಾರಿ!

ಎತ್ತರದಲ್ಲಿ ಹಾರುವುದರಿಂದ ದೂರ ಹೆಚ್ಚಾಗುವುದಿಲ್ಲವಾ?

ಆಗುತ್ತದೆ, ಆದರೆ ಅತ್ಯಲ್ಪ. 11 ಕಿ.ಮೀ. ಎತ್ತರದಲ್ಲಿ 8,000 ಕಿ.ಮೀ. ಪ್ರಯಾಣಕ್ಕೆ ಹೆಚ್ಚಾಗುವುದು 14 ಕಿ.ಮೀ. ಮಾತ್ರ.

ಯುದ್ಧ, ಗಡಿ ಗಲಾಟೆಯಿಂದ ದೂರ ಬದಲಾಗುತ್ತದಾ?

ನೇರ ದೂರ ಬದಲಾಗುವುದಿಲ್ಲ, ಹಾರುವ ದಾರಿ ಬದಲಾಗುತ್ತದೆ. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನ ತನ್ನ ಆಕಾಶದ ಬಹುಭಾಗವನ್ನು ಮುಚ್ಚಿತ್ತು. 2025ರ ಏಪ್ರಿಲ್ 24ರಂದು ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. 2022ರಲ್ಲಿ ರಷ್ಯಾ ತನ್ನ ಆಕಾಶವನ್ನು ಯುರೋಪಿನ ಅನೇಕ ದೇಶಗಳ ವಿಮಾನಗಳಿಗೆ ಮುಚ್ಚಿತು. ಇಂಥ ಹೊತ್ತಿನಲ್ಲಿ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರಿಗೆ ಹೆಚ್ಚು ಪೆಟ್ಟು. ಬೆಂಗಳೂರಿನಿಂದ ದುಬೈಗೆ ಹೋಗುವವರಿಗೆ ಅಷ್ಟಿಲ್ಲ, ಅವರ ದಾರಿ ಅರಬ್ಬೀ ಸಮುದ್ರದ ಮೇಲಿದೆ.

ದೂರಕ್ಕೆ ತಕ್ಕ ಹಾಗೆ ಟಿಕೆಟ್ ದರ ಇರುತ್ತದಾ?

ಇಲ್ಲ. ಸೀಸನ್, ಬೇಡಿಕೆ, ಎಷ್ಟು ಮೊದಲು ತೆಗೆದಿರಿ ಅನ್ನುವುದೇ ಮುಖ್ಯ. ಎಷ್ಟೋ ಸಲ ಸುತ್ತುದಾರಿಯ ಟಿಕೆಟ್ಟೇ ಅಗ್ಗ.

ಆದರೆ ಒಂದು ಕಡೆ ದೂರ ನಿಮ್ಮ ಹಕ್ಕನ್ನು ತೀರ್ಮಾನಿಸುತ್ತದೆ. ಯುರೋಪಿಯನ್ ಒಕ್ಕೂಟದ 2004ರ ನಿಯಮದಂತೆ, ಅಲ್ಲಿಂದ ಹೊರಡುವ ವಿಮಾನ ರದ್ದಾದರೆ ಅಥವಾ ತುಂಬಾ ತಡವಾದರೆ ಪ್ರಯಾಣಿಕರಿಗೆ ಪರಿಹಾರ ಇದೆ. ಅದರ ಮೊತ್ತ ದೊಡ್ಡ ವೃತ್ತದ ದೂರದ ಮೇಲೆ ನಿಂತಿದೆ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿನಂಥ 3,500 ಕಿ.ಮೀ. ದಾಟಿದ ದಾರಿಗೆ ಆ ನಿಯಮ ಇಟ್ಟ ಮೊತ್ತ 600 ಯೂರೊ. ಹವಾಮಾನದಂಥ ಕಾರಣಕ್ಕೆ ತಡವಾದರೆ ಸಿಗುವುದಿಲ್ಲ. ಜರ್ಮನಿಯಲ್ಲಿ ಓದುವ ನಮ್ಮ ಮಕ್ಕಳು ಇದನ್ನು ತಿಳಿದಿರಬೇಕು.

ನಾನೇ ಲೆಕ್ಕ ಹಾಕುವುದು ಹೇಗೆ?

ಫೋನಿನ ನಕ್ಷೆಯಲ್ಲಿ ಒಂದು ಊರಿನ ಮೇಲೆ ಒತ್ತಿ ಹಿಡಿದು, ದೂರ ಅಳೆಯುವ ಆಯ್ಕೆ ಒತ್ತಿ, ಇನ್ನೊಂದು ಊರಿಗೆ ಎಳೆದರೆ ಆಯಿತು.

ಪಿಯುಸಿ ಓದುವವರು ಕೈಯಲ್ಲೇ ಮಾಡಿ ನೋಡಿ, ಖುಷಿಯಾಗುತ್ತದೆ. ಬಳ್ಳಾರಿಯ ಅಕ್ಷಾಂಶ 15.14, ದುಬೈ ವಿಮಾನ ನಿಲ್ದಾಣದ್ದು 25.25. ಎರಡರ ಸೈನ್ ಗುಣಿಸಿದರೆ 0.111. ಎರಡರ ಕೊಸೈನ್ ಗುಣಿಸಿ, ಅದನ್ನು ರೇಖಾಂಶಗಳ ವ್ಯತ್ಯಾಸವಾದ 21.56 ಡಿಗ್ರಿಯ ಕೊಸೈನ್‌ನಿಂದ ಗುಣಿಸಿದರೆ 0.812. ಕೂಡಿದರೆ 0.923. ಯಾವ ಕೋನದ ಕೊಸೈನ್ ಇದು? ಸುಮಾರು 22.6 ಡಿಗ್ರಿಯದ್ದು. ಒಂದು ಡಿಗ್ರಿಗೆ 111.2 ಕಿ.ಮೀ. ಗುಣಿಸಿದರೆ 2,510ರ ಆಸುಪಾಸು ಬರುತ್ತದೆ. ತರಗತಿಯಲ್ಲಿ ಕಲಿತ ತ್ರಿಕೋನಮಿತಿ ಅಣ್ಣನ ಕೆಲಸದ ಊರಿನ ತನಕ ಮುಟ್ಟುತ್ತದೆ.

ಬಳ್ಳಾರಿಗೆ ಅತಿ ದೂರದ ಜಾಗ ಯಾವುದು?

ಬಳ್ಳಾರಿಯ ಸರಿಯಾಗಿ ಎದುರು ತುದಿ ಇರುವುದು ಪೆಸಿಫಿಕ್ ಸಾಗರದಲ್ಲಿ, ಪೆರು ದೇಶದ ಕರಾವಳಿಯಿಂದ ಸುಮಾರು 3,000 ಕಿ.ಮೀ. ಪಶ್ಚಿಮಕ್ಕೆ. ಅಲ್ಲಿ ಊರಿಲ್ಲ, ನೀರೇ. ಪೆರುವಿನ ರಾಜಧಾನಿ ಲಿಮಾ ಬಳ್ಳಾರಿಯಿಂದ 17,200 ಕಿ.ಮೀ. ದೂರ. ನೇರ ವಿಮಾನದ ಆಸೆ ಬೇಡ. ಜಗತ್ತಿನ ಅತಿ ಉದ್ದದ ತಡೆರಹಿತ ಹಾರಾಟ ಅಂತ ಹೆಸರಾದ ಸಿಂಗಪುರ–ನ್ಯೂಯಾರ್ಕ್ ಕೂಡ ಸುಮಾರು 15,300 ಕಿ.ಮೀ. ಅಷ್ಟೇ.

ಅಮೆರಿಕಕ್ಕೆ ಹೊರಟ ದಿನವೇ ಅಲ್ಲಿ ಇಳಿಯುತ್ತಾರಂತೆ, ಹೇಗೆ?

ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಬೇಸಿಗೆಯ ಒಂದು ಮಧ್ಯಾಹ್ನ 2ಕ್ಕೆ ಬೆಂಗಳೂರಿನಿಂದ ಹೊರಟು 16 ಗಂಟೆ ಹಾರಿದರೆ, ಅಲ್ಲಿ ಅದೇ ದಿನ ಸಂಜೆ 5:30. ವಾಪಸ್ ಬರುವಾಗ ಆ ಸಮಯವನ್ನೆಲ್ಲ ತಿರುಗಿ ಕೊಡಬೇಕು. ಶುಕ್ರವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಟು 17 ಗಂಟೆ ಹಾರಿದರೆ ಬೆಂಗಳೂರಿನಲ್ಲಿ ಇಳಿಯುವುದು ಭಾನುವಾರ ಬೆಳಗಿನ ಜಾವ 2:30ಕ್ಕೆ. ಊರಿಗೆ ಬರುವ ರೈಲಿನ ಟಿಕೆಟ್ಟನ್ನು ಶನಿವಾರ ರಾತ್ರಿಗೆ ಕಾಯ್ದಿರಿಸಿದರೆ, ರೈಲು ಹೊರಡುವ ಹೊತ್ತಿಗೆ ನೀವಿನ್ನೂ ಆಕಾಶದಲ್ಲೇ ಇರುತ್ತೀರಿ. ಭಾನುವಾರ ರಾತ್ರಿಯದನ್ನೇ ತೆಗೆದುಕೊಳ್ಳಿ.